ಮಂದಗತಿಯ ದೋಷ ಯಾರದು?

ಪಂದ್ಯದಲ್ಲಿ ಗೆದ್ದವನನ್ನು ಶೂರನೆಂದೂ ಹಿಂದುಳಿದವನನ್ನು ಅಸಮರ್ಥನೆಂದೂ ಕರೆದುಬಿಡುವುದು ಲೋಕರೂಢಿ. ಬರಿಗಾಲಿನಲ್ಲಿ ಓಡುವವರ ವಿಷಯದಲ್ಲಿ ಈ ತೀರ್ಪಿಗೆ ಅಷ್ಟಿಷ್ಟು ಆಧಾರವಿದ್ದೀತು. ಆದರೆ ಮನುಷ್ಯನೂ ಯಂತ್ರವೂ ಕೂಡಿ ಓಡುವಲ್ಲಿ, ಮಂದಗತಿಯ ದೋಷವನ್ನೆಲ್ಲ ಮನುಷ್ಯನ ತಲೆಗೇ ಕಟ್ಟುವುದು ವಿಚಾರವಂತರಿಗೆ ತಕ್ಕುದಲ್ಲವೆಂದು ನಾವು ಭಾವಿಸುತ್ತೇವೆ. ಕುರುಗೋಡಿನ ದೊಡ್ಡಬಸವೇಶ್ವರನ ತೇರು ನಡುದಾರಿಯಲ್ಲಿ ನಿಂತುಬಿಟ್ಟರೆ, ಹಗ್ಗ ಹಿಡಿದವರಲ್ಲಿ ಒಬ್ಬನನ್ನು ಹಿಡಿದು ಯಾರೂ ದೂರುವುದಿಲ್ಲ. ಗಾಲಿಯ ಕೆಳಗೆ ಕೊಟ್ಟ ಮರದ ತುಂಡು, ನೆಲದ ಏರುತಗ್ಗು, ಹಗ್ಗದ ಬಿಗಿತ, ಎಳೆಯುವವರ ಹೊಂದಾಣಿಕೆ, ಎಲ್ಲವನ್ನೂ ನೋಡುತ್ತಾರೆ. ಮೋಟಾರು ಪಂದ್ಯದ ಮಾತು ಬಂದಾಗ ಮಾತ್ರ ಈ ವಿವೇಕವು ನಮ್ಮನ್ನು ಬಿಟ್ಟುಹೋಗುತ್ತದೆ. 2009ರಲ್ಲಿ ಹದಿನೈದು ದಿನಗಳ ಅಂತರದಲ್ಲಿ ನಡೆದ ಎರಡು ಪಂದ್ಯಗಳನ್ನು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುವುದು.

ಫೋರ್ಸ್ ಇಂಡಿಯಾ ಎಂಬ ತಂಡವು ವಾಚಕರಲ್ಲಿ ಹಲವರಿಗೆ ನೆನಪಿರಬಹುದು. ಬೆಂಗಳೂರಿನ ಉದ್ಯಮಿಯಾಗಿದ್ದ ವಿಜಯ ಮಲ್ಯರು ಪಾಲುದಾರರೊಡನೆ ಕೊಂಡು, 2008ರಿಂದ ಈ ಹೆಸರಿನಲ್ಲಿ ಫಾರ್ಮುಲಾ ಒನ್ ಪಂದ್ಯಗಳಿಗೆ ಇಳಿಸಿದ ತಂಡವದು. ಅದರ ಕಾರ್ಯಾಗಾರವಿದ್ದುದು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ. 2018ರಲ್ಲಿ ತಂಡವು ಕೈ ಬದಲಾಗಿ, ಆ ಹೆಸರು ಮರೆಯಾಯಿತು. ಮೊದಲ ವರ್ಷವೆಲ್ಲ ಆ ತಂಡಕ್ಕೆ ಒಂದು ಅಂಕವೂ ದಕ್ಕಿರಲಿಲ್ಲ. ಅಂತಹ ತಂಡದಲ್ಲಿದ್ದ ಇಟಲಿಯ ಚಾಲಕ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ, 2009ರ ಆಗಸ್ಟ್ 29ರಂದು ಬೆಲ್ಜಿಯಮ್ಮಿನ ಸ್ಪಾ ಪಥದ ಅರ್ಹತಾ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತನು. ಮರುದಿನದ ಗ್ರ್ಯಾನ್ ಪ್ರಿಯಲ್ಲಿ, ಫೆರಾರಿಯ ಕಿಮಿ ರೈಕೊನೆನ್‌ನಿಗಿಂತ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡನೆಯವನಾಗಿ ಗುರಿ ಮುಟ್ಟಿದನು.

ಫೆರಾರಿಯ ಮತ್ತೊಬ್ಬ ಚಾಲಕ ಫೆಲಿಪೆ ಮಾಸಾ ಜುಲೈ ತಿಂಗಳಲ್ಲಿ ಹಂಗೆರಿಯಲ್ಲಿ ತಲೆಗೆ ಪೆಟ್ಟುಬಿದ್ದು ಹಾಸಿಗೆ ಹಿಡಿದಿದ್ದನು. ಆ ಸ್ಥಾನಕ್ಕೆ ಈಗ ಫಿಸಿಕೆಲ್ಲಾನಿಗೆ ಕರೆ ಬಂದಿತು. ಸೆಪ್ಟೆಂಬರ್ 13ರಂದು ಇಟಲಿಯ ಮಾಂಜಾದಲ್ಲಿ ಅವನು ಹೆಸರಾಂತ ಫೆರಾರಿಯನ್ನೇರಿ, 14ನೆಯ ಸ್ಥಾನದಿಂದ ಹೊರಟು 9ನೆಯವನಾಗಿ ಮುಗಿಸಿದನು. ಅಂದಿನ ನಿಯಮದಂತೆ ಅಂಕ ದೊರೆಯುತ್ತಿದ್ದುದು ಮೊದಲ ಎಂಟು ಮಂದಿಗೆ ಮಾತ್ರ. ಅವನು ಬಿಟ್ಟುಬಂದ ತಂಡದ ಏಡ್ರಿಯನ್ ಸೂಟಿಲ್ ಅದೇ ದಿನ ಎರಡನೆಯ ಸ್ಥಾನದಿಂದ ಹೊರಟು ನಾಲ್ಕನೆಯವನಾದನು. ಆ ವರ್ಷದ ಉಳಿದ ನಾಲ್ಕು ಪಂದ್ಯಗಳಲ್ಲಿಯೂ ಫಿಸಿಕೆಲ್ಲಾನಿಗೆ ಅಂಕ ದೊರೆಯಲಿಲ್ಲ. ಹದಿನೈದು ದಿನಗಳಲ್ಲಿ ಅವನ ಕಣ್ಣು ಮಂಜಾಯಿತೆ? ಕೈ ತನ್ನ ವಿದ್ಯೆಯನ್ನು ಮರೆಯಿತೆ? ಹಾಗೆ ನಂಬುವುದು ಕಷ್ಟ. ಕಾರಣವನ್ನು ಬೇರೆಡೆ ಹುಡುಕಬೇಕು.

ಮೊದಲು ಗಾಳಿಯ ವಿಚಾರವನ್ನು ನೋಡೋಣ. ಓಡುವ ವಾಹನಕ್ಕೆ ಗಾಳಿ ಒಡ್ಡುವ ತಡೆಯು ವೇಗದ ವರ್ಗವನ್ನು ಅನುಸರಿಸಿ ಬೆಳೆಯುತ್ತದೆ. ಗಂಟೆಗೆ 150 ಕಿಲೋಮೀಟರಿನಿಂದ 300ಕ್ಕೆ ಏರಿದರೆ ತಡೆ ನಾಲ್ಕುಪಟ್ಟಾಗುವುದು. ಅದನ್ನು ಮೀರಿ ಓಡಲು ಯಂತ್ರವು ಎಂಟುಪಟ್ಟು ಶಕ್ತಿ ಒದಗಿಸಬೇಕಾಗುವುದು. ಇದೇ ಗಾಳಿಯನ್ನು ವಾಹನದ ಹಿಂದುಮುಂದಿನ ರೆಕ್ಕೆಗಳು ಮೇಲಕ್ಕೆ ತಿರುಗಿಸಿದಾಗ ವಾಹನವು ನೆಲಕ್ಕೆ ಒತ್ತಲ್ಪಟ್ಟು, ತಿರುವುಗಳಲ್ಲಿ ಗಾಲಿಗಳ ಹಿಡಿತ ಹೆಚ್ಚುತ್ತದೆ. ಆದರೆ ಆ ಒತ್ತಡ ಉಚಿತವಾಗಿ ದೊರೆಯುವುದಿಲ್ಲ. ಅದರೊಡನೆ ಗಾಳಿಯ ತಡೆಯೂ ಏರುತ್ತದೆ. ಫೋರ್ಸ್ ಇಂಡಿಯಾದ ಅಂದಿನ ವಾಹನವು ಗಾಳಿಯನ್ನು ಸುಲಭವಾಗಿ ಸೀಳುವಂತಹುದು. ಉದ್ದುದ್ದನೆಯ ನೇರ ಹಾದಿಗಳಿರುವ ಸ್ಪಾ ಮತ್ತು ಮಾಂಜಾ ಪಥಗಳು ಅದಕ್ಕೆ ಒಗ್ಗಿದವು. ಇಕ್ಕಟ್ಟಾದ ತಿರುವುಗಳೇ ತುಂಬಿದ ಪಥಗಳಲ್ಲಿ ಆ ಅನುಕೂಲವಿರಲಿಲ್ಲ. ಸಿರುಗುಪ್ಪದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ನಿಂತ ಭತ್ತದ ಗದ್ದೆಯಲ್ಲಿ ರಬ್ಬರು ಗಾಲಿ ಜಾರುತ್ತದೆ. ಅಲ್ಲಿ ಟ್ರ್ಯಾಕ್ಟರಿಗೆ ಕಬ್ಬಿಣದ ಗಾಲಿ ಬೇಕು. ಆ ಕಬ್ಬಿಣದ ಗಾಲಿಯೊಡನೆ ಡಾಂಬರು ರಸ್ತೆಗೆ ಬಂದರೆ ಯಂತ್ರಕ್ಕೂ ಕೇಡು, ರಸ್ತೆಗೂ ಕೇಡು. ಕೆಸರಿನಲ್ಲಿ ಮುಂದಾದ ಟ್ರ್ಯಾಕ್ಟರು ರಸ್ತೆಯಲ್ಲಿ ತೆವಳಿತೆಂದು ಅದನ್ನು ನಡೆಸುವವನನ್ನು ಬಯ್ಯುವವರುಂಟೆ?

ಎರಡನೆಯದು ಅಭ್ಯಾಸದ ವಿಚಾರ. ಅಂದಿನ ಫೆರಾರಿಯಲ್ಲಿ, ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಟ್ಟು ಮರಳಿ ಬಳಸುವ ಸಾಧನವೊಂದಿತ್ತು. ಒಂದೊಂದು ಸುತ್ತಿನಲ್ಲಿಯೂ 6 ಸೆಕೆಂಡಿಗೆ ತುಸು ಹೆಚ್ಚು ಕಾಲ ಸುಮಾರು 80 ಅಶ್ವಶಕ್ತಿಯನ್ನು ಅದು ಅಧಿಕವಾಗಿ ಒದಗಿಸುತ್ತಿತ್ತು. ಸ್ಪಾದಲ್ಲಿ ರೈಕೊನೆನ್ ಫಿಸಿಕೆಲ್ಲಾನನ್ನು ಹಿಂದೆ ಹಾಕಿದುದು ಇದರ ಬಲದಿಂದಲೇ. ಫೋರ್ಸ್ ಇಂಡಿಯಾದ ವಾಹನದಲ್ಲಿ ಈ ಸಾಧನವಿರಲಿಲ್ಲ. ಅದು ಶಕ್ತಿಯನ್ನು ಹೀರುವುದು ಹಿಂದಿನ ಗಾಲಿಗಳಿಂದಾದ ಕಾರಣ, ಬ್ರೇಕು ಒತ್ತಿದಾಗ ಕಾಲಿಗೆ ಸಿಗುವ ಅನುಭವವೇ ಬೇರೆ. ವರ್ಷಗಟ್ಟಲೆ ಪಳಗಿದ ಕಾಲು ಇದನ್ನು ಹೊಸದಾಗಿ ಕಲಿಯಬೇಕಾಗಿತ್ತು. ಆದರೆ 2009ರ ನಿಯಮವು ಪಂದ್ಯಗಳ ಋತು ನಡೆದಿರುವಾಗ ಪ್ರತ್ಯೇಕ ಅಭ್ಯಾಸವನ್ನು ನಿಷೇಧಿಸಿತ್ತು. ಕಲಿಯುವುದೂ ಸ್ಪರ್ಧಿಸುವುದೂ ಒಂದೇ ದಿನ ಆಗಬೇಕಾಯಿತು.

ಹಾಗಾದರೆ ಚಾಲಕನ ಪಾತ್ರ ಶೂನ್ಯವೆ ಎಂದು ಕೆಲವರು ಆಕ್ಷೇಪಿಸಬಹುದು. ಅದು ನಮ್ಮ ಅಭಿಪ್ರಾಯವಲ್ಲ. ಮಾಂಜಾದಲ್ಲಿ ಅದೇ ಬಗೆಯ ಫೆರಾರಿಯಲ್ಲಿ ರೈಕೊನೆನ್ ಮೂರನೆಯವನಾದನು. ಫಿಸಿಕೆಲ್ಲಾನಿಗಿಂತ ಮೊದಲು ಮಾಸಾನ ಸ್ಥಾನದಲ್ಲಿ ಎರಡು ಪಂದ್ಯಗಳಿಗೆ ಕುಳಿತ ಲೂಕಾ ಬಡೋಯೆರ್, ಎರಡರಲ್ಲಿಯೂ ಎಲ್ಲರಿಗಿಂತ ಹಿಂದಿನ ಸ್ಥಾನದಿಂದ ಹೊರಟನು. ಅವನು ಅದಕ್ಕೆ ಮುಂಚೆ ಗ್ರ್ಯಾನ್ ಪ್ರಿಗೆ ಇಳಿದಿದ್ದುದು 1999ರಲ್ಲಿ! ಹತ್ತು ವರ್ಷಗಳ ಬಿಡುವು ಯಾವ ಕೈಯನ್ನು ಮೊಂಡಾಗಿಸದು? ಯಂತ್ರವೊಂದೇ ಇದ್ದು ಮನುಷ್ಯ ಬದಲಾದಾಗ ವೇಗ ಬದಲಾಯಿತು. ಮನುಷ್ಯನೊಬ್ಬನೇ ಇದ್ದು ಯಂತ್ರ ಬದಲಾದಾಗಲೂ ವೇಗ ಬದಲಾಯಿತು. ಈ ಎರಡು ಹೋಲಿಕೆಗಳನ್ನೂ ಮಾಡಿದ ಮೇಲಲ್ಲದೆ ತೀರ್ಪು ಕೊಡಬಾರದೆಂಬುದೇ ನಮ್ಮ ವಾದ.

ಇದು ವಿಜ್ಞಾನದ ಹಳೆಯ ಮಾರ್ಗ. ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಅಂತಹ ಕೇಂದ್ರಗಳಲ್ಲಿ ಹೊಸ ತಳಿಯೊಂದರ ಬೆಲೆ ಕಟ್ಟುವವರು ಒಂದೇ ಮಡಿಯಲ್ಲಿ ಒಂದು ಸಲ ಬಿತ್ತಿ ಕೈತೊಳೆದುಕೊಳ್ಳುವುದಿಲ್ಲ. ಒಂದೇ ನೆಲದಲ್ಲಿ ಹಲವು ತಳಿಗಳನ್ನೂ, ಒಂದೇ ತಳಿಯನ್ನು ಹಲವು ನೆಲಗಳಲ್ಲಿಯೂ ಬೆಳೆದು, ಮತ್ತೆ ಮತ್ತೆ ಅಳೆದು ನೋಡುತ್ತಾರೆ. ನೀರಾವರಿಯ ಎರೆಭೂಮಿಯಲ್ಲಿ ತೂಗಿ ಬೆಳೆದ ತಳಿಯು ಮಳೆ ನಂಬಿದ ಹೊಲದಲ್ಲಿ ಸೊರಗಬಹುದು. ಬೀಜದ ಗುಣ, ನೆಲದ ಗುಣ, ಇವೆರಡರ ಹೊಂದಿಕೆ ಎಂಬ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಗುರುತಿಸುವುದೇ ಆ ಪರೀಕ್ಷೆಯ ಉದ್ದೇಶ. ಭತ್ತದ ತಳಿಗೆ ತೋರುವ ಈ ನ್ಯಾಯವನ್ನು ಮನುಷ್ಯನಿಗೆ ತೋರಬಾರದೆ?

ಮೋಟಾರು ಪಂದ್ಯದ ಚಾಲಕನನ್ನು ಮಂದನೆಂದರೆ ಅವನ ಹೆಸರಿಗೆ ಕುಂದು ಬಂದೀತು. ಬಳ್ಳಾರಿಯ ಜೀನ್ಸ್ ಹೊಲಿಯುವ ಕೈಗಳ ವಿಷಯದಲ್ಲಿ ಅದೇ ಮಾತು ಅನ್ನಕ್ಕೆ ಸಂಚಕಾರ. ಲೆಕ್ಕಕ್ಕೆ ತಕ್ಕಂತೆ ಕೂಲಿ ಪಡೆಯುವ ಕೆಲಸಗಾರನು ಇಂದು ಕಡಿಮೆ ಹೊಲಿದನೆಂದರೆ ಅವನ ಮನೆಗೆ ಕಡಿಮೆ ಹಣ ಬಂದಿತೆಂದೇ ಅರ್ಥ. ದಪ್ಪ ಬಟ್ಟೆಯ ನಾಲ್ಕಾರು ಮಡಿಕೆಗಳು ಕೂಡುವಲ್ಲಿ ಸೂಜಿ ಉಜ್ಜಿ ಉಜ್ಜಿ ಕಾಯುತ್ತದೆ, ದಾರ ಹರಿಯುತ್ತದೆ. ಒಂದು ಯಂತ್ರದಲ್ಲಿ ಪಳಗಿದವನನ್ನು ಇನ್ನೊಂದಕ್ಕೆ ಕೂರಿಸಿದರೆ ಕಾಲಿನ ಒತ್ತಡದ ಹದವೇ ತಪ್ಪುತ್ತದೆ. ಇದರ ಮೇಲೆ ನಮ್ಮ ಊರಿನ ಬೇಸಿಗೆ. 40 ಡಿಗ್ರಿ ಮೀರಿದ ಮಧ್ಯಾಹ್ನ, ತಗಡಿನ ಮಾಡಿನ ಕೆಳಗೆ, ಮೈಯ ತಾಪವನ್ನು ಹೊರಹಾಕಲು ರಕ್ತವು ಚರ್ಮದತ್ತ ಹೆಚ್ಚಾಗಿ ಹರಿಯಬೇಕಾಗುತ್ತದೆ. ಬೆವರಿನೊಡನೆ ನೀರೂ ಉಪ್ಪೂ ಹೋಗಿ ಗಮನ ಕುಗ್ಗುತ್ತದೆ. ಬೆಳಗಿನ ತಂಪಿನ ಗಂಟೆಯನ್ನೂ ಆ ಗಂಟೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅವಿಚಾರ.

ಆದುದರಿಂದ ಕೆಲಸ ಮಾಡಿಸುವವರಿಗೆ ನಮ್ಮದೊಂದು ಸೂಚನೆ. ದಿನದ ಲೆಕ್ಕವನ್ನು ಬರೆಯುವಾಗ ಕೆಲಸಗಾರನ ಹೆಸರಿನ ಪಕ್ಕದಲ್ಲಿಯೇ ಯಂತ್ರದ ಸಂಖ್ಯೆ, ದಾರದ ಬಗೆ, ಹೊತ್ತು, ಕರೆಂಟು ಹೋದ ವೇಳೆ ಇವಿಷ್ಟನ್ನೂ ಬರೆದಿಡಲಿ. ಒಬ್ಬನು ಹಿಂದುಳಿದನೆಂದು ತೋರಿದಾಗ, ಮುಂದಿರುವವನ ಯಂತ್ರಕ್ಕೆ ಅವನನ್ನೂ ಅವನ ಯಂತ್ರಕ್ಕೆ ಮುಂದಿರುವವನನ್ನೂ ಕೆಲವು ದಿನ ಕೂರಿಸಿ, ಹೊಸದು ಕೈಗೆ ಒಗ್ಗಲು ಸಮಯ ಕೊಟ್ಟು ನೋಡಲಿ. ಒಂದು ನೋಟುಪುಸ್ತಕ, ಒಂದು ಪೆನ್ಸಿಲು, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಹಿಂದುಳಿದವನು ನಿಜವಾಗಿಯೂ ಕಲಿಯಬೇಕಾದವನೋ, ಅಥವಾ ಕೆಟ್ಟ ಯಂತ್ರದ ಪಾಪವನ್ನು ಹೊತ್ತವನೋ ಎಂಬುದು ಒಂದು ವಾರದಲ್ಲಿ ತಿಳಿದುಬರುತ್ತದೆ.