ಸಾಣಾಪುರದ ಬಂಡೆ ಹತ್ತಿದವರ ಚರಿತ್ರೆ ಕನ್ನಡದಲ್ಲೂ ಇರಲಿ

ನವೆಂಬರ್ ಬಂತೆಂದರೆ ಸಾಣಾಪುರ, ಹನುಮನಹಳ್ಳಿ, ಆನೆಗೊಂದಿ ರಸ್ತೆಯಲ್ಲಿ ಬೆನ್ನಿಗೆ ಗಾದಿ ಕಟ್ಟಿಕೊಂಡ ಮಂದಿ ಕಾಣಿಸಿಕೊಳ್ಳುತ್ತಾರೆ. ಬಾಡಿಗೆ ಗಾಡಿಯಲ್ಲಿ ಹಿಂದೆ ಕೂತವರ ಬೆನ್ನ ಮೇಲೆ ಮಡಚಿದ ದಪ್ಪ ಗಾದಿ, ಸೊಂಟದಲ್ಲಿ ಬಿಳಿ ಪುಡಿಯ ಚೀಲ. ಭತ್ತ ಕೊಯ್ಯುವವರು ಒಂದು ಸಲ ತಲೆ ಎತ್ತಿ ನೋಡಿ ಮತ್ತೆ ಕೆಲಸಕ್ಕೆ ಬಗ್ಗುತ್ತಾರೆ. ಇಪ್ಪತ್ತು ವರ್ಷದ ಮೇಲಾಯಿತು, ಈ ನೋಟ ನಮಗೆ ಹೊಸದಲ್ಲ.

ಅದು ಮಲಗುವ ಗಾದಿ ಅಲ್ಲ, ಬೀಳುವ ಗಾದಿ. ಹಗ್ಗ ಇಲ್ಲದೆ, ಕೈಬೆರಳು ಮತ್ತು ಕಾಲ್ತುದಿಯ ಬಲದಲ್ಲೇ ಗುಂಡುಗಲ್ಲು ಹತ್ತುವ ಆಟಕ್ಕೆ ಬೌಲ್ಡರಿಂಗ್ ಎಂದು ಹೆಸರು. ಜಾರಿದರೆ ಗಾದಿ ಕಾಯಬೇಕು, ಪಕ್ಕದಲ್ಲಿ ಕೈಚಾಚಿ ನಿಂತವರು ಕಾಯಬೇಕು. ಒಂದೇ ಕಲ್ಲಿಗೆ ಹತ್ತು ದಾರಿ ಇರಬಹುದು. ಹೊಸ ದಾರಿಯೊಂದನ್ನು ನೆಲದಿಂದ ತುದಿಯವರೆಗೆ ಮೊದಲು ಪೂರ್ತಿ ಮಾಡಿದವರಿಗೆ ಅದಕ್ಕೆ ಹೆಸರಿಡುವ ಹಕ್ಕು. ಅದು ಎಷ್ಟು ಕಷ್ಟ ಎಂದು ಮೊದಲು ಅಂಕ ಹಾಕುವವರೂ ಅವರೇ. ಆಮೇಲೆ ಬಂದವರು ಒಪ್ಪಬಹುದು, ತಕರಾರು ತೆಗೆಯಬಹುದು. ಹೆಸರು, ಅಂಕ, ಹತ್ತಿದವರು, ವರ್ಷ ಇಷ್ಟು ಬರೆದಿಟ್ಟರೆ ಆ ದಾರಿಗೆ ಒಂದು ಪಹಣಿ ಆದಂತೆ.

ಪಹಣಿ ಎಂದದ್ದು ಸುಮ್ಮನೆ ಅಲ್ಲ. ನಮ್ಮ ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರು. ಹೊಲದಲ್ಲಿ ನಿಜವಾಗಿ ದುಡಿದವರು ಯಾರು ಎಂದು ಆ 12ನೇ ಕಾಲಂ ಹೇಳುತ್ತದೆ. ನಮ್ಮ ಬಂಡೆಗಳ ಪಹಣಿಯಲ್ಲಿ ಆ ಕಾಲಂ ಹೆಚ್ಚುಕಡಿಮೆ ಖಾಲಿ. ನನ್ನ ತಕರಾರು ಅಷ್ಟೇ.

ಇರುವ ದಾಖಲೆ ಯಾವುದು ನೋಡೋಣ. 2003ರಲ್ಲಿ ಅಮೆರಿಕದ ಜಾಶ್ ಲೋವೆಲ್ ಎಂಬ ನಿರ್ದೇಶಕರ 'ಪಿಲ್‌ಗ್ರಿಮೇಜ್' ಎಂಬ ಚಿತ್ರ ಬಂತು. ಆ ಮಾತಿನ ಅರ್ಥ ತೀರ್ಥಯಾತ್ರೆ. ಕ್ರಿಸ್ ಶರ್ಮಾ, ಕೇಟಿ ಬ್ರೌನ್, ನೇಟ್ ಗೋಲ್ಡ್ ಎಂಬ ಮೂವರು ಹಂಪಿ ಸೀಮೆಯ ಬಂಡೆಗಳನ್ನು ಹತ್ತುವ ಚಿತ್ರ ಅದು. ಶರ್ಮಾ ಎಂದ ಕೂಡಲೇ ನಮ್ಮವರು ಅಂದುಕೊಳ್ಳಬೇಡಿ. ಆತ ಕ್ಯಾಲಿಫೋರ್ನಿಯಾದವರು, ತಂದೆ ತಾಯಿ ಒಬ್ಬ ಭಾರತೀಯ ಗುರುವಿನ ಶಿಷ್ಯರಾಗಿದ್ದರಿಂದ ಬಂದ ಅಡ್ಡಹೆಸರು. ಅದಕ್ಕೆ ಎರಡು ವರ್ಷ ಮೊದಲು ಫ್ರಾನ್ಸಿನ ಸೆಯೂಸ್ ಎಂಬ ಬಂಡೆಯಲ್ಲಿ ಅಷ್ಟರವರೆಗೆ ಯಾರಿಗೂ ಆಗದ ದಾರಿ ಹತ್ತಿ ಜಗತ್ತಿನಲ್ಲಿ ಹೆಸರು ಮಾಡಿದ್ದ ಹುಡುಗ. ಅಂಥವರು ಬಂದು ಹತ್ತಿದರು ಎಂದ ಮೇಲೆ ಯುರೋಪು, ಇಸ್ರೇಲ್, ಅಮೆರಿಕದಿಂದ ಗಾದಿ ಹೊತ್ತವರು ಸಾಲುಗಟ್ಟಿದರು. 'ಗೋಲ್ಡನ್ ಬೌಲ್ಡರ್ಸ್' ಎಂಬ ಇಂಗ್ಲಿಷ್ ಗೈಡ್ ಪುಸ್ತಕವೂ ಬಂತು. ಈಗ ಅಂತರ್ಜಾಲದಲ್ಲಿ ದಾರಿಗಳ ಉದ್ದುದ್ದ ಪಟ್ಟಿ ಸಿಗುತ್ತದೆ, ಹೆಸರು ಅಂಕ ಸಮೇತ.

ಈಗ ನಿಮ್ಮ ಫೋನಿನಲ್ಲಿ ಕನ್ನಡದಲ್ಲಿ ಸಾಣಾಪುರ ಎಂದು ಬರೆದು ಹುಡುಕಿ. 2025ರ ಮಾರ್ಚ್‌ನಲ್ಲಿ ಕಾಲುವೆ ದಂಡೆಯಲ್ಲಿ ನಡೆದ ಆ ಘೋರ ಅಪರಾಧ. ನೀರಿಗೆ ಬಿದ್ದು ಸತ್ತವರ ಸುದ್ದಿ. ಅಕ್ರಮ ರೆಸಾರ್ಟ್ ಮೇಲೆ ದಾಳಿ. ಚಿರತೆ ಬಂತು. ಇವೆಲ್ಲ ನಡೆದದ್ದೇ, ಬರೆಯಬೇಕಾದದ್ದೇ. ಜಿಲ್ಲೆಯ ಸ್ಟ್ರಿಂಗರ್‌ಗೆ ಡೆಸ್ಕಿನಿಂದ ಫೋನ್ ಬರುವುದೂ ಇಂಥದ್ದಕ್ಕೇ. ಆದರೆ ಒಂದು ಊರಿನ ಬಗ್ಗೆ ಅದರದೇ ಭಾಷೆಯಲ್ಲಿ ಪೊಲೀಸ್ ಡೈರಿ ಮಾತ್ರ ಉಳಿದರೆ, ನಾಳೆ ಆ ಊರಿನ ಮಕ್ಕಳು ತಮ್ಮ ಊರನ್ನು ಓದಿಕೊಳ್ಳುವುದು ಹೇಗೆ?

ಇದೇ ಊರುಗಳಲ್ಲಿ ಬಂದವರನ್ನು ನೋಡಿ ನೋಡಿಯೇ ಹತ್ತುವುದು ಕಲಿತ ಹುಡುಗರಿದ್ದಾರೆ. ಯಾರೋ ಬಿಟ್ಟುಹೋದ ಹಳೆ ಬೂಟಿನಲ್ಲಿ ಶುರು ಮಾಡಿದವರು. ಇವತ್ತು ಗಾದಿ, ಬೂಟು ಬಾಡಿಗೆಗೆ ಕೊಡುತ್ತಾರೆ, ಹೊಸಬರಿಗೆ ಕಲಿಸುತ್ತಾರೆ. ಯಾವ ಕಲ್ಲಿಗೆ ಬೆಳಗಿನ ನೆರಳು, ಯಾವುದಕ್ಕೆ ಸಂಜೆ ನೆರಳು, ಯಾವ ಗವಿಯಲ್ಲಿ ಕರಡಿ ಇದೆ, ಯಾವ ಪೊದೆಯ ಹತ್ತಿರ ಹೋಗಬಾರದು ಎಲ್ಲ ಅವರಿಗೆ ಬಾಯಿಪಾಠ. ಹೊಸ ದಾರಿ ಎಂದರೆ ಹತ್ತುವುದಷ್ಟೇ ಅಲ್ಲ. ಮುಳ್ಳು ಸರಿಸಿ ಕಲ್ಲಿನ ಬುಡ ಮುಟ್ಟಬೇಕು, ಹಾವಸೆ ಉಜ್ಜಬೇಕು, ಚಕ್ಕೆ ಏಳುವ ಹಿಡಿತ ಯಾವುದೆಂದು ತಟ್ಟಿ ನೋಡಬೇಕು, ಗಾದಿ ಎಲ್ಲಿ ಹಾಸಬೇಕೆಂದು ಲೆಕ್ಕ ಹಾಕಬೇಕು. ಇದರಲ್ಲಿ ಅರ್ಧ ಕೆಲಸ ನಮ್ಮ ಹುಡುಗರು ಮಾಡಿರುತ್ತಾರೆ. ಕೊನೆಗೆ ಮೇಲೆ ನಿಂತು ಫೋಟೋ ತೆಗೆಸಿಕೊಂಡವರ ಹೆಸರು ಪಟ್ಟಿಗೆ ಹೋಗುತ್ತದೆ.

ಬಂದವರು ಕೆಟ್ಟವರು ಎನ್ನುತ್ತಿಲ್ಲ. ಅವರು ಬರೆದರು, ನಾವು ಬರೆಯಲಿಲ್ಲ.

'ಮೊದಲು ಹತ್ತಿದವರು' ಎಂಬ ಮಾತೇ ನಮ್ಮ ಸೀಮೆಯಲ್ಲಿ ಸ್ವಲ್ಪ ಅನುಮಾನದ್ದು. ಇಲ್ಲಿನ ಬಂಡೆಗಳ ಅಂಚಿನಲ್ಲಿ ಸಾಲಾಗಿ ಕೊರೆದ ಚೌಕ ತೂತುಗಳನ್ನು ನೋಡಿರುತ್ತೀರಿ. ಬೆಣೆ ಹೊಡೆದು ಕಲ್ಲು ಸೀಳಲು ವಿಜಯನಗರದ ಕಾಲದ ಕಲ್ಲುಕುಟಿಗರು ಮಾಡಿದ ತೂತುಗಳು. ಮನುಷ್ಯ ಹೋಗುವುದೇ ಅಸಾಧ್ಯ ಅನ್ನಿಸುವ ಗುಂಡಿನ ನೆತ್ತಿಯ ಮೇಲೆ ಪುಟ್ಟ ಗುಡಿ ಇರುತ್ತದೆ, ಕೋಟೆಯ ಗೋಡೆ ಹಾದುಹೋಗಿರುತ್ತದೆ. ಗಾರೆ ಮತ್ತು ಕಲ್ಲು ಹೊತ್ತು ಅಲ್ಲಿಗೆ ಯಾರೋ ಹತ್ತಿದ್ದಾರಲ್ಲ! ಆಡು ತಪ್ಪಿಸಿಕೊಂಡಿತೆಂದು ಹತ್ತಿದವರು, ಜೇನು ಬಿಡಿಸಲು ಹತ್ತಿದವರು ಬೇರೆ. ಅವರು ಯಾರೂ ದಾರಿಗೆ ಹೆಸರಿಡಲಿಲ್ಲ, ಅಂಕ ಹಾಕಲಿಲ್ಲ.

ಪಕ್ಕದ ಮಸ್ಕಿಯ ಉದಾಹರಣೆ ನೋಡಿ. ಅಲ್ಲಿನ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂತು. ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಅದು ಬಿತ್ತು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಗಟ್ಟಿಯಾದದ್ದು ಆ ಕಲ್ಲಿನಿಂದ. ಆ ಊರಿನ ಕುರಿಗಾರರು ಅದರ ನೆರಳಲ್ಲಿ ಎಷ್ಟು ತಲೆಮಾರು ಕೂತಿದ್ದರೋ, ಪುಸ್ತಕದಲ್ಲಿ ಇರುವುದು ಬೀಡನ್ ಹೆಸರು. ಕಂಡವರಿಗಲ್ಲ, ಕಂಡದ್ದನ್ನು ಬರೆದು ತಿಳಿಸಿದವರಿಗೆ ಚರಿತ್ರೆಯಲ್ಲಿ ಜಾಗ.

ಹೆಸರಿನ ವಿಷಯದಲ್ಲಂತೂ ನಾವು ಬಹಳ ಕಳೆದುಕೊಂಡಿದ್ದೇವೆ. ವಿರೂಪಾಪುರ ಗಡ್ಡಿ ಕಣ್ಣೆದುರೇ 'ಹಿಪ್ಪಿ ಐಲ್ಯಾಂಡ್' ಆಯಿತು. ಋಷ್ಯಮೂಕ ಹತ್ತುವವರ ಬಾಯಲ್ಲಿ 'ರಿಷಿಮುಖ್' ಆಗಿದೆ, ಮೂಕ ಹೋಗಿ ಮುಖ ಬಂದಿದೆ. ಅಷ್ಟೇಕೆ, ರಾಮನಗರದ ಕಡೆಯಿಂದ ನಮ್ಮ ತುಂಗಭದ್ರೆಯ ಸೀಮೆಯವರೆಗೆ ಹಬ್ಬಿದ ಈ ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟ್ ಗ್ರಾನೈಟ್. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎನ್ನುತ್ತಿದ್ದರು, ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಲ್ಲಿ! ಹಾಗೆಂದು ನಮ್ಮವರಿಗೆ ಹೆಸರಿಡಲು ಬರುವುದಿಲ್ಲ ಎಂದಲ್ಲ. ಕೊಪ್ಪಳದ ಪಾಲ್ಕಿಗುಂಡು ನೋಡಿ, ಹೊಳೆಯಾಚೆ ಕಮಲಾಪುರದ ದಾರಿಯ ಅಕ್ಕ-ತಂಗಿ ಗುಡ್ಡ ನೋಡಿ. ಆಕಾರ, ಕತೆ ಎರಡೂ ಒಂದೇ ಹೆಸರಿನಲ್ಲಿವೆ. ಅಕ್ಕ-ತಂಗಿಯಲ್ಲಿ ಒಂದು ಕಲ್ಲು ಒಡೆದು ಬಿದ್ದರೂ ಹೆಸರು ಉಳಿದಿದೆ. ಸಾಣಾಪುರ ಕೆರೆಯ ಸುತ್ತಲಿನ ಗುಂಡುಗಳಿಗೂ ಹಿರಿಯರ ಬಾಯಲ್ಲಿ ಹೆಸರುಗಳಿವೆ. ಆ ಹಿರಿಯರು ಇರುವ ತನಕ ಮಾತ್ರ.

ಇದನ್ನೆಲ್ಲ ಬರೆಯುವುದಕ್ಕೆ ಹತ್ತಲು ಬರಬೇಕೆಂದೇನಿಲ್ಲ. ಎಲಿಜಬೆತ್ ಹಾಲಿ ಎಂಬ ಅಮೆರಿಕದ ಪತ್ರಕರ್ತೆಯ ಕತೆ ನನಗೆ ಬಹಳ ಇಷ್ಟ. ಒಂದು ರೀತಿಯಲ್ಲಿ ನಮ್ಮಂಥ ಸ್ಟ್ರಿಂಗರೇ. 1960ರಲ್ಲಿ ಕಠ್ಮಂಡುವಿಗೆ ಬಂದು ನೆಲೆಸಿದರು, 'ಟೈಮ್' ಪತ್ರಿಕೆಗೆ, ಆಮೇಲೆ ರಾಯಿಟರ್ಸ್ ಸುದ್ದಿಸಂಸ್ಥೆಗೆ ಸುದ್ದಿ ಕಳಿಸುತ್ತಿದ್ದರು. ಜೀವನದಲ್ಲಿ ಒಂದು ಶಿಖರವನ್ನೂ ಹತ್ತಲಿಲ್ಲ. ಆದರೆ ಹಿಮಾಲಯಕ್ಕೆ ಹೊರಟ ತಂಡ ಕಠ್ಮಂಡುವಿನ ಹೋಟೆಲಿಗೆ ಬಂದಿಳಿದ ಕೂಡಲೇ ತಮ್ಮ ಹಳೇ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಅಲ್ಲಿಗೆ ಹಾಜರು. ಹೋಗುವಾಗ ಪ್ರಶ್ನೆ, ಇಳಿದು ಬಂದ ಮೇಲೆ ಮತ್ತೆ ಪ್ರಶ್ನೆ. ಯಾವ ದಾರಿ, ಯಾರು ಮುಟ್ಟಿದರು, ಮೇಲೆ ನಿಂತಾಗ ಏನು ಕಂಡಿತು? ಐವತ್ತು ವರ್ಷ ಇದೇ ಕೆಲಸ. ಆ ಕಾಗದಗಳೇ 2004ರಲ್ಲಿ 'ಹಿಮಾಲಯನ್ ಡೇಟಾಬೇಸ್' ಆದವು. ಶಿಖರ ಮುಟ್ಟಿದ ಶೆರ್ಪಾಗಳ ಹೆಸರೂ ಅದರಲ್ಲಿವೆ. 2010ರಲ್ಲಿ ಕೊರಿಯಾದ ಓ ಯುನ್-ಸುನ್ 8,000 ಮೀಟರಿಗೂ ಎತ್ತರದ 14 ಶಿಖರಗಳನ್ನೂ ಹತ್ತಿದ ಮೊದಲ ಮಹಿಳೆ ತಾನೇ ಎಂದಾಗ ಕಾಂಚನಜುಂಗಾ ಹತ್ತಿದ್ದರ ಬಗ್ಗೆ ಅನುಮಾನ ಎದ್ದಿತು. ಹಾಲಿ ತಮ್ಮ ಪಟ್ಟಿಯಲ್ಲಿ ಅದರ ಮುಂದೆ 'ವಿವಾದಿತ' ಎಂದು ಬರೆದರು. ಸುಳ್ಳು ಎನ್ನಲಿಲ್ಲ, ನಿಜ ಎಂದೂ ಒಪ್ಪಿಕೊಳ್ಳಲಿಲ್ಲ. 2018ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಬಂಡೆಗಳಿಗೂ ಅಂಥ ಒಬ್ಬರು ಬೇಕು. ಅದು ಪೇಪರಿನವರೇ ಆಗಬೇಕೆಂದಿಲ್ಲ.

'ಕಲ್ಲು ಹತ್ತಿ ಏನ್ ಸಿಗತೈತ್ರಿ, ಅದಕ್ಕೊಂದು ಚರಿತ್ರಿ ಬ್ಯಾರೆ' ಎನ್ನುವವರಿದ್ದಾರೆ. ಚಿತ್ರದುರ್ಗದ ಕೋಟೆ ಗೋಡೆಯನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್ ನಿಮಗೆಲ್ಲ ಗೊತ್ತು. ಕೋತಿರಾಜ ಎಂದು ಮನೆಮಾತಾದದ್ದು ಟಿವಿಯವರು, ಸಿನಿಮಾದವರು ಕನ್ನಡದಲ್ಲಿ ತೋರಿಸಿದ ಮೇಲೆ. ಅದೇ ಸಾಣಾಪುರದ ಹುಡುಗ ಎಷ್ಟು ಚೆನ್ನಾಗಿ ಹತ್ತಿದರೂ ಅವನ ಊರಿನವರಿಗೇ ಅವನು ಗಾದಿ ಬಾಡಿಗೆ ಕೊಡುವವನು ಮಾತ್ರ. ಬೌಲ್ಡರಿಂಗ್ ಈಗ ಒಲಿಂಪಿಕ್ಸ್‌ನಲ್ಲೂ ಇದೆ, ಟೋಕಿಯೊದಲ್ಲಿ ಸೇರಿತು.

ಇದಕ್ಕಿಂತ ಗಟ್ಟಿ ಕಾರಣ ಇನ್ನೊಂದಿದೆ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು, ಮಾರ್ಚ್‌ನಲ್ಲಿ ವಿರೂಪಾಪುರ ಗಡ್ಡಿಯ ರೆಸಾರ್ಟ್‌ಗಳನ್ನು ಜೆಸಿಬಿ ಕೆಡವಿದವು. ನಿಯಮ ಮೀರಿ ಕಟ್ಟಿದ್ದರ ಪರ ನಾನು ವಾದ ಮಾಡುವುದಿಲ್ಲ. ಆದರೆ ಹತ್ತುವವರು ಸಂಜೆ ಸೇರುತ್ತಿದ್ದ, ಯಾರು ಯಾವ ಕಲ್ಲು ಮಾಡಿದರು ಎಂದು ಮಾತಾಡುತ್ತಿದ್ದ ಅಂಗಳಗಳೂ ಅದರೊಂದಿಗೆ ಹೋದವು. ಮಂದಿ ಸಾಣಾಪುರ, ಹನುಮನಹಳ್ಳಿ, ಆನೆಗೊಂದಿ ಕಡೆ ಚದುರಿದರು. ಬಾಯಿಮಾತಿನ ಚರಿತ್ರೆಗೆ ಒಂದು ಕಟ್ಟೆ ಬೇಕು, ಕಟ್ಟೆ ಹೋದರೆ ಅದೂ ಹೋಗುತ್ತದೆ. ನಾಳೆ ಪ್ರಾಧಿಕಾರ, ಅರಣ್ಯ ಇಲಾಖೆ, ಪ್ರವಾಸೋದ್ಯಮ ಇಲಾಖೆ ಯಾರೇ ಈ ಬಂಡೆಗಳ ಬಗ್ಗೆ ಹೊಸ ನಿಯಮ ತಂದರೂ, ಇಲ್ಲಿ ಇಷ್ಟು ವರ್ಷದಿಂದ ಇಂಥವರು ಹತ್ತುತ್ತಿದ್ದಾರೆ, ಇಷ್ಟು ಮನೆ ಅದರಿಂದ ಊಟ ಮಾಡುತ್ತಿವೆ ಎಂದು ಮೇಜಿನ ಮೇಲೆ ಇಡಲು ಒಂದು ಹಾಳೆ ಬೇಡವೇ?

ಆ ಹಾಳೆಯಲ್ಲಿ ಹತ್ತಬಾರದ ಕಲ್ಲುಗಳೂ ಇರಬೇಕು. ಇದನ್ನು ಹೇಳಲೇಬೇಕು, ಹತ್ತುವ ಹುಡುಗರಿಗೆ ಸಿಟ್ಟು ಬಂದರೂ ಸರಿ. ಅಮೆರಿಕದ ಟೆಕ್ಸಸ್‌ನಲ್ಲಿ ಹ್ಯೂಕೊ ಟ್ಯಾಂಕ್ಸ್ ಎಂಬ ಬಂಡೆಗಳ ಸೀಮೆ ಇದೆ. ಬೌಲ್ಡರಿಂಗ್‌ನ 'ವಿ' ಅಂಕಪದ್ಧತಿ ಹುಟ್ಟಿದ್ದೇ ಅಲ್ಲಿ. ಜಾನ್ ಶೆರ್ಮನ್ ಎಂಬ ಹತ್ತುಗಾರ 1991ರ ಗೈಡ್ ಪುಸ್ತಕದಲ್ಲಿ ಅದನ್ನು ಅಚ್ಚುಹಾಕಿದರು. ಆದರೆ ಅದೇ ಬಂಡೆಗಳಲ್ಲಿ ಮೂಲನಿವಾಸಿಗಳು ಬಿಡಿಸಿದ ಪ್ರಾಚೀನ ಚಿತ್ರಗಳಿದ್ದವು. ಅವು ಹಾಳಾಗುತ್ತಿವೆ ಎಂದು 1998ರಲ್ಲಿ ಸರ್ಕಾರ ಬಿಗಿ ಮಾಡಿತು. ಈಗ ಅಲ್ಲಿ ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಇದೆ, ಹೆಚ್ಚಿನ ಕಡೆ ಗೈಡ್ ಇಲ್ಲದೆ ಕಾಲಿಡುವಂತಿಲ್ಲ.

ನಮ್ಮ ತಾಲ್ಲೂಕಿನಲ್ಲೂ ಬಂಡೆಚಿತ್ರಗಳಿವೆ. ಆನೆಗೊಂದಿಯ ಹತ್ತಿರ ಒಣಕೆ ಕಿಂಡಿಯಲ್ಲಿವೆ, ಹಿರೇಬೆಣಕಲ್ ಗುಡ್ಡದಲ್ಲಿವೆ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳು 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಬಿಳಿ ಪುಡಿ ಹಚ್ಚಿದ ಕೈ, ಹಾವಸೆ ಉಜ್ಜುವ ಬ್ರಷ್ ಇಂಥ ಕಡೆ ಒಂದು ದಿನ ಆಡಿದರೂ ಸಾವಿರಾರು ವರ್ಷದ ಗೆರೆ ಅಳಿಸಿಹೋಗುತ್ತದೆ. ಪೂಜೆ ನಡೆಯುವ ಕಲ್ಲು, ಶಾಸನದ ಕಲ್ಲು, ಕರಡಿ ಮರಿ ಹಾಕುವ ಗವಿ ಇರುವ ಕಲ್ಲು, ಇವುಗಳ ಗುರುತು ಊರಿನವರಿಗೆ ಇರುವಷ್ಟು ಹೊರಗಿನವರಿಗೆ ಇರುವುದಿಲ್ಲ. ಡ್ರಿಲ್ ಹಿಡಿದು ಬೋಲ್ಟ್ ಹೊಡೆಯುವವರ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಕ್: ಅನುಮತಿ ಇಲ್ಲದೆ ತೂತು ಕೊರೆದ ದಾರಿಗೆ ಪಟ್ಟಿಯಲ್ಲಿ ಹೆಸರೇ ಬೇಡ.

ಮಾಡುವುದು ದೊಡ್ಡ ಕೆಲಸವೇನಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಊರಿನ ಗಿಡ, ಪ್ರಾಣಿ, ನಾಟಿ ಜ್ಞಾನದ ದಾಖಲಾತಿ ಪುಸ್ತಕ ಪಂಚಾಯಿತಿ ಮಟ್ಟದಲ್ಲಿ ಇರಬೇಕು. ಅದರ ಪಕ್ಕದಲ್ಲೇ ಬಂಡೆಗಳ ಪುಸ್ತಕ ಒಂದು ಇರಲಿ, ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಯಾರು ಬೇಕಾದರೂ ತೆರೆದು ನೋಡುವಂತೆ. ಒಂದು ಕಲ್ಲಿಗೆ ಒಂದು ಪುಟ. ಮೊದಲು ಊರಿನವರ ಹೆಸರು, ಕೆಳಗೆ ಹತ್ತುವವರು ಇಟ್ಟ ಹೆಸರು. ಯಾರು ಹತ್ತಿದರು, ಯಾವ ತಿಂಗಳು, ದಾರಿ ತೋರಿಸಿದವರು ಯಾರು, ಕೆಳಗೆ ಕೈಚಾಚಿ ನಿಂತವರು ಯಾರು. ಫೋನಿನಲ್ಲಿ ತೆಗೆದ ಒಂದು ಫೋಟೋ, ಅದರ ಮೇಲೆ ಗೆರೆ ಎಳೆದು ದಾರಿಯ ಗುರುತು. ಎರಡು ಮಂದಿ ಎರಡು ಮಾತು ಹೇಳಿದರೆ ಎರಡನ್ನೂ ಬರೆದು 'ವಿವಾದಿತ' ಎಂದು ಹಾಕಿದರಾಯಿತು.

ಹುಡುಗರ ಹಳೆ ಫೋನುಗಳಲ್ಲಿ, ಒಡೆದ ಮೆಮೊರಿ ಕಾರ್ಡುಗಳಲ್ಲಿ ಎಷ್ಟೋ ಫೋಟೋ ಇವೆ. ವಿದೇಶಕ್ಕೆ ಹೋದ ಗೆಳೆಯರು ಕಳಿಸಿದ ವಿಡಿಯೋ ಇವೆ. ಅವನ್ನು ಒಂದು ಕಡೆ ಸೇರಿಸಲು ಒಂದು ಭಾನುವಾರ ಸಾಕು. ಕಲ್ಲಿನ ಹೆಸರು ಕೇಳುವ ಕೆಲಸಕ್ಕೆ ಮಾತ್ರ ತಡ ಮಾಡುವಂತಿಲ್ಲ, ಅದಕ್ಕೆ ಕುರಿ ಕಾಯ್ದ ಹಿರಿಯರನ್ನು, ಕೆರೆಯಲ್ಲಿ ಹರಿಗೋಲು ಹಾಕುವವರನ್ನು ಕೂರಿಸಿಕೊಂಡು ಕೇಳಬೇಕು. ಬೇಸಿಗೆ ಕಲ್ಲು ಕಾಯುವ ಮೊದಲೇ, ಈ ಚಳಿಗಾಲದಲ್ಲೇ.