ಯಾರ ಗಂಟಲಿಗೆ ಬೇಕು?

ಅಮೆರಿಕದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಲ್ಲಿ ಒಂದು ಜಾತಿಯವರಿದ್ದಾರೆ. ಅಂಗಡಿಯಲ್ಲಿ ನೇತುಹಾಕಿದ ಗಿಟಾರ್ ಅವರ ಕೈಗೆ ಒಗ್ಗುವುದಿಲ್ಲ. ಇಂಥ ಮರ, ಇಷ್ಟು ದಪ್ಪದ ಕತ್ತು, ಇಂಥ ಬಣ್ಣ ಎಂದು ಬರೆದುಕೊಟ್ಟು ತಿಂಗಳುಗಟ್ಟಲೆ ಕಾಯುತ್ತಾರೆ. ಶ್ರೀಮಂತರ ಶೋಕಿ ಎಂದು ನೀವು ನಗುವ ಮುನ್ನ ಒಂದು ಮಾತು. ನಮ್ಮ ಬೆಳಗಾವಿ ಜಿಲ್ಲೆಯ ಹಾಡುವವರ ಮನೆಗಳಲ್ಲಿ ತಂಬೂರಿಗೆ ಇದೇ ರಿವಾಜು.

ಮೂಡಲಗಿಯಲ್ಲಿರುವ ನನ್ನ ತಂಗಿಯ ಮಗಳು ಹುಕ್ಕೇರಿಯ ಅಜ್ಜನ ಮನೆಯಿಂದ ಬಂದ ಹಳೆಯ ತಂಬೂರಿಯ ಮೇಲೆ ಹಾಡು ಕಲಿಯುತ್ತಿದ್ದಳು. ದೊಡ್ಡ ಬುರುಡೆ, ಉದ್ದನೆಯ ದಂಡಿ, ಗಂಡುದನಿಗೆಂದು ಮಾಡಿದ್ದು. ಆ ಶ್ರುತಿಗೆ ಇಳಿದು ಇಳಿದು ಹುಡುಗಿಯ ದನಿ ಒಡೆಯತೊಡಗಿತು. ಅವಳ ದನಿ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆಯದು. ಅಲ್ಲಿಗೆ ಏರಿಸಲು ಹೋದರೆ ತಂತಿ ಪಟ್ಟೆಂದು ಹರಿಯುತ್ತದೆ. ‘ತಂಬೂರಿ ಬದಲಿಸ್ರಿ, ಇಲ್ಲಂದ್ರ ಹಾಡೋದು ಬಿಡಸ್ರಿ’ ಎಂದರು ಗುರುಗಳು.

ಹುಡುಕಾಟ ಗೋಕಾಕದ ಪೇಟೆಯಿಂದ ಶುರುವಾಯಿತು. ಹಾರ್ಮೋನಿಯಂ, ಡೋಲಕ್, ತಾಳ ಬೇಕಾದಷ್ಟು. ತಂಬೂರಿ ಇಲ್ಲ. ಇದು ಕುಲಗೋಡ ತಮ್ಮಣ್ಣನ, ಕೌಜಲಗಿ ನಿಂಗಮ್ಮನ ಸೀಮೆ. ಶ್ರೀಕೃಷ್ಣ ಪಾರಿಜಾತಕ್ಕೆ, ಭಜನೆ ಮೇಳಕ್ಕೆ ಪೆಟ್ಟಿಗೆ ಸಾಕು. ಅಂಗಡಿಯವನಾದರೂ ಹೋಗದ ಮಾಲು ಯಾಕೆ ತರಿಸುತ್ತಾನೆ? ಮೂಡಲಗಿ, ಹುಕ್ಕೇರಿಗಳಲ್ಲಿ ವಿಚಾರಿಸಿದಾಗ ಸಿಕ್ಕವು ಎರಡು: ಒಂದರ ಬುರುಡೆ ಸೀಳಿತ್ತು, ಇನ್ನೊಂದನ್ನು ಮನೆಯವರು ದೇವರ ಕೋಣೆಯಲ್ಲಿಟ್ಟು ಹೂವೇರಿಸುತ್ತಿದ್ದರು. ಎಲೆಕ್ಟ್ರಾನಿಕ್ ತಂಬೂರಿ ಕೊಳ್ಳಿ ಎಂದವರೇ ಹೆಚ್ಚು. ಬೆಂಗಳೂರಿನಲ್ಲಿ 1979ರಲ್ಲಿ ಹುಟ್ಟಿದ ಆ ಪೆಟ್ಟಿಗೆಯನ್ನು ನಾನು ಹಳಿಯುವವನಲ್ಲ. ಊರೂರು ತಿರುಗುವ ಗಾಯಕರಿಗೆ ಅದು ದೊಡ್ಡ ಉಪಕಾರ. ಆದರೆ ಹುಡುಗಿಗೆ ಬುರುಡೆ ತಬ್ಬಿಕೊಂಡೇ ಹಾಡಬೇಕು.

ಹೀಗೆ ಒಂದು ವರ್ಷ ಕಳೆದ ಮೇಲೆ ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತಿ, ರಾಯಬಾಗ, ಕುಡಚಿ ದಾಟಿ ಮೀರಜಿಗೆ ಹೋದೆವು. ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕತ್ತಿ, ಭರ್ಜಿ ಮಾಡುತ್ತಿದ್ದ ಶಿಕಲಗಾರರು ಆ ಕೆಲಸ ಕುಗ್ಗಿದಾಗ ವಾದ್ಯಗಳಿಗೆ ಕೈಹಾಕಿದರು. ಫರೀದಸಾಹೇಬರ ಹೆಸರು ಇಂದಿಗೂ ಅಲ್ಲಿ ಮೊದಲು ಬರುತ್ತದೆ. ಮೀರಜಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಮುದುಕ ಕುಶಲಕರ್ಮಿ ನಮ್ಮ ಮಾತು ಕೇಳಿ ಕನ್ನಡದಲ್ಲೇ ಅಂದ: ‘ಯಾರ ಗಂಟಲಕ್ಕ ಬೇಕ್ರೀ?’

‘ತಂಗಿ ಮಗಳಿಗೆ.’

‘ತಂಬೂರಿ ಮಾಡ್ಸಾಕ ಬಂದೀರಿ, ಹಾಡಾಕಿನ್ನ ಊರಾಗ ಬಿಟ್ಟ ಬಂದೀರಲ್ರೀ!’

ಮುಂದಿನ ವಾರ ಅವಳನ್ನೂ ಕರೆದೊಯ್ದೆವು. ಆತ ಹಾಡಿಸಿದ, ಕುಳ್ಳಿರಿಸಿ ತೋಳಿನ ಅಳತೆ ನೋಡಿದ. ಆಮೇಲೆ ಅಟ್ಟದಿಂದ ಪಂಢರಪುರದ ಕಡೆಯ ಸೋರೆಬುರುಡೆಗಳನ್ನು ಇಳಿಸಿ ಒಂದೊಂದನ್ನೇ ಬೆರಳಿನಿಂದ ತಟ್ಟಿ ಕಿವಿಗೊಟ್ಟ. ಒಂಬತ್ತನೆಯದು ಒಪ್ಪಿತು. ಅರ್ಧ ಹಣ ಮುಂಗಡ, ಮೂರು ತಿಂಗಳ ವಾಯಿದೆ, ಆದದ್ದು ಐದು.

ಐದನೆಯ ತಿಂಗಳು ಹೋದಾಗ ಬುರುಡೆ, ದಂಡಿ, ಬಿರಡೆ, ಹೂಬಳ್ಳಿ ಎಲ್ಲ ಸಿದ್ಧ. ಆದರೂ ನಾದ ಮೊಂಡಾಗಿತ್ತು. ಉಳಿದದ್ದು ಜವಾರಿ. ನಾವು ಜವಾರಿ ಎಂದರೆ ಮೆಣಸಿನಕಾಯಿ, ಕೋಳಿ ನೆನೆಯುವ ಮಂದಿ. ತಂಬೂರಿಯವರಿಗೆ ಅದು ತಂತಿ ಕೂರುವ ಕುದುರೆಯ ಮೈಯನ್ನು ಕೂದಲೆಳೆಯಷ್ಟು ಇಳಿಜಾರಾಗಿ ಅರೆಯುವ ಕೆಲಸ. ಅರೆಯುವುದು, ಮೀಟುವುದು, ಮತ್ತೆ ಅರೆಯುವುದು. ಮುಂಜಾನೆ ಕೂತವನು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಕೊನೆಗೆ ತಂತಿಯ ಕೆಳಗೆ ಎಳೆದಾರ ಸರಿಸಿದ. ದಾರ ಒಂದು ಜಾಗಕ್ಕೆ ಬಂದದ್ದೇ ತಡ, ನಾಲ್ಕು ತಂತಿಗಳಿಂದ ಜೇನುಹುಳುಗಳ ಹಿಂಡು ಎದ್ದಂತಾಯಿತು. ಹುಡುಗಿ ಯಾರೂ ಹೇಳದೆಯೇ ಷಡ್ಜ ಹಿಡಿದಳು. ದನಿ ಒಡೆಯಲಿಲ್ಲ. ನನ್ನ ತಂಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಹಳೆಯ ಗಾದಿಯಲ್ಲಿ ಬುರುಡೆ ಸುತ್ತಿಕೊಡುತ್ತ ಮುದುಕ ಹೇಳಿದ: ‘ವರ್ಷಾ ಬಿಟ್ಟು ಮತ್ತ ಬರ್ರಿ. ತಂತಿ ಕುದ್ರಿ ಮ್ಯಾಲ ಗೀರು ಹಾಕಿರತಾವ, ಜವಾರಿ ಮತ್ತ ತಗೀಬೇಕು. ಆಕಿನ್ನೂ ಕರಕೊಂಡು ಬರ್ರಿ.’