ಒಂದು ಪೈಸೆಗೆ ಬೀದಿಗಿಳಿದ ಊರು, ಶೇ 15ಕ್ಕೆ ಸುಮ್ಮನಾದ ನಾವು

ಕೋಲ್ಕತ್ತದ ಎಸ್‌ಪ್ಲನೇಡ್ ಡಿಪೋದಲ್ಲಿ 'ಸ್ಮರಣಿಕಾ' ಅಂತ ಒಂದು ಟ್ರಾಮ್ ಮ್ಯೂಸಿಯಂ ಇದೆ. 1938ರಲ್ಲಿ ಕಟ್ಟಿದ ಟ್ರಾಮೊಂದನ್ನೇ 2014ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಒಂದು ಬೋಗಿಯಲ್ಲಿ ಕಾಫಿ-ತಿಂಡಿ, ಇನ್ನೊಂದರಲ್ಲಿ ಹಳೇ ಟಿಕೆಟ್, ಕಂಡಕ್ಟರ್ ಟೋಪಿ, ಬ್ಯಾಡ್ಜ್, ಫೋಟೊಗಳು. ಅರ್ಧ ಗಂಟೆಯಲ್ಲಿ ನೋಡಿ ಮುಗಿಸಬಹುದು. ಸೊಕ್ಕೆಯಿಂದ ಜಗಳೂರಿಗೆ ಹೋಗೋಕೂ ಬಸ್ಸನ್ನೇ ಕಾಯ್ತಾ ಬೆಳೆದ ನಾನು ಹೆಚ್ಚು ಹೊತ್ತು ನಿಂತಿದ್ದು ಆ ಟಿಕೆಟ್‌ಗಳ ಮುಂದೆ.

ಆ ಊರಲ್ಲಿ ಟಿಕೆಟ್ ಅಂದ್ರೆ ರಾಜಕೀಯ. 1953ರ ಜುಲೈನಲ್ಲಿ ಟ್ರಾಮ್ ಓಡಿಸುತ್ತಿದ್ದ ಬ್ರಿಟಿಷ್ ಕಂಪನಿ ಸೆಕೆಂಡ್ ಕ್ಲಾಸ್ ದರವನ್ನು ಒಂದು ಪೈಸೆ ಏರಿಸಿತು. ಬರೀ ಒಂದು ಪೈಸೆ! ಜನ ಹಳೇ ದರವನ್ನಷ್ಟೇ ಕೊಡ್ತೀವಿ ಅಂತ ಕೂತರು, ಆಮೇಲೆ ಟ್ರಾಮ್ ಹತ್ತೋದನ್ನೇ ಬಿಟ್ಟರು. ಪ್ರತಿರೋಧ ಸಮಿತಿ ಆಯಿತು, ಅದರಲ್ಲಿ ಜ್ಯೋತಿ ಬಸು ಇದ್ದರು. ಹರತಾಳ, ಬಂಧನ, ಟ್ರಾಮ್‌ಗಳಿಗೆ ಬೆಂಕಿ. ತಿಂಗಳು ತುಂಬುವಷ್ಟರಲ್ಲಿ ಏರಿಕೆ ನಿಂತಿತು.

ಅಂಥ ಊರಲ್ಲೇ 2024ರ ಸೆಪ್ಟೆಂಬರ್‌ನಲ್ಲಿ ಸಾರಿಗೆ ಸಚಿವ ಸ್ನೇಹಾಶಿಷ್ ಚಕ್ರವರ್ತಿ, ಎಸ್‌ಪ್ಲನೇಡ್-ಮೈದಾನ್ ನಡುವಿನ ಪಾರಂಪರಿಕ ಓಟವೊಂದನ್ನು ಬಿಟ್ಟು ಉಳಿದ ಟ್ರಾಮ್ ನಿಲ್ಲಿಸ್ತೀವಿ ಅಂದರು. ವಿಷಯ ಆಗಲೇ ಹೈಕೋರ್ಟಿನಲ್ಲಿತ್ತು. ಅವರ ವಾದ: ನಗರದಲ್ಲಿ ರಸ್ತೆ ಇರೋದೇ ಶೇ 6, ಟ್ರಾಮ್‌ನಿಂದ ಟ್ರಾಫಿಕ್ ಜಾಮ್ ಆಗುತ್ತೆ. ಎಂಜಿನಿಯರಿಂಗ್ ಓದಿದ ನನ್ನ ತಲೆಗೆ ಇದು ಉಲ್ಟಾ ಲೆಕ್ಕ. ರಸ್ತೆ ಕಡಿಮೆ ಇದ್ದರೆ ಒಂದೇ ಸಲಕ್ಕೆ ಹೆಚ್ಚು ಜನರನ್ನು ಹೊರುವ ಗಾಡಿ ಬೇಕಲ್ವಾ? ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳೋದಕ್ಕೆ ರಬ್ಬರ್ ಟೈರಿಗಿಂತ ತಡೆ ಬಹಳ ಕಡಿಮೆ. ಕರೆಂಟು ಮೇಲಿನ ತಂತಿಯಿಂದ, ಬ್ಯಾಟರಿ ಹೊರುವ ರಗಳೆ ಇಲ್ಲ. ಈಗ ಭವಿಷ್ಯ ಅಂತ ತೋರಿಸೋ ಎಲೆಕ್ಟ್ರಿಕ್ ಸಾರಿಗೆ ಅಲ್ಲಿ 1902ರಲ್ಲೇ ಶುರುವಾಗಿತ್ತು. ಮೊದಲು ಎಷ್ಟೋ ಕಡೆ ಟ್ರಾಮ್‌ಗೆ ಮೀಸಲಾಗಿದ್ದ ಹಾದಿಯನ್ನು ಒಡೆದು ಕಾಂಕ್ರೀಟ್ ಹಾಕಿ ಕಾರುಗಳನ್ನು ಹಳಿ ಮೇಲೆ ಬಿಟ್ಟರು. ಟ್ರಾಮ್ ಸಿಕ್ಕಿಹಾಕಿಕೊಂಡಿತು. ಆಮೇಲೆ 'ನಿಧಾನ' ಅಂತ ಅದಕ್ಕೇ ಬೈದರು.

ಇದು ಬಂಗಾಳದ ಕಥೆ ಅಂತ ಬಿಡೋ ಹಾಗಿಲ್ಲ. 2025ರ ಜನವರಿ 5ರಿಂದ ನಮ್ಮ ಸರ್ಕಾರಿ ಬಸ್ ದರ ಶೇ 15 ಏರಿತು. ಮರುತಿಂಗಳು ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಮೀಮ್ ಬಂದವು, ಒಂದಷ್ಟು ಪ್ರತಿಭಟನೆ ಆಯಿತು, ಸಿಟ್ಟಾದವರು ಸ್ಕೂಟರ್ ಹತ್ತಿದರು. ಸ್ಕೂಟರ್ ಇಲ್ಲದವರ ಮಾತನ್ನು ಯಾರೂ ದೊಡ್ಡದಾಗಿ ಆಡಲಿಲ್ಲ.

ಶಕ್ತಿ ಯೋಜನೆಯನ್ನು ನಾನು ಒಪ್ಪುತ್ತೇನೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳ ಓಡಾಟ ಚುನಾವಣೆಯ ಮಾತಾಯಿತು, ಅದು ಸಣ್ಣದಲ್ಲ. ಆದ್ರೆ ಫ್ರೀ ಟಿಕೆಟ್ ಕೈಗೆ ಸಿಗೋದು ಬಸ್ ಬಂದಮೇಲೆ. ದರ ಎಷ್ಟು ಅಂತ ಸದನದಲ್ಲಿ ಜಗಳ ಆಗುತ್ತೆ. ಸಂಜೆ ಕಾಲೇಜು ಬಿಟ್ಟಮೇಲೆ ನಮ್ಮೂರ ಕಡೆ ಎಷ್ಟು ಬಸ್ ಅಂತ ಯಾರೂ ಮೇಜು ಗುದ್ದಲ್ಲ. ಮುಂದಿನ ಬಜೆಟ್ ಪ್ರತಿಯಲ್ಲಿ ನಾನು ಮೊದಲು ಹುಡುಕೋದು ಅದನ್ನೇ: ಹೊಸ ಬಸ್ ಎಷ್ಟು, ಅದರಲ್ಲಿ ಹಳ್ಳಿ ರೂಟಿಗೆ ಎಷ್ಟು.